ಮೊಣಕಾಲುದ್ದದ ಒರತೆ

೧೯೨೪ ಜನವರಿ ೨೧, ಸೋಮವಾರ. ರಾಯದುರ್ಗ ಬಿಟ್ಟ ದಿನ

ಈ ಪುಸ್ತಕ ಅಪ್ಪ ಕೊಟ್ಟದ್ದು. ಗುಮ್ಮಘಟ್ಟದ ಶಾಲೆಗೆ ಹಾಜರಿ ಬರೆಯಲೆಂದು ಬಂದ ಪುಸ್ತಕಗಳಲ್ಲಿ ಉಳಿದದ್ದೊಂದು. ಮದುವೆಯ ದಿನ ಸೀರೆಯ ಮಡಿಕೆಯೊಳಗೆ ಇಟ್ಟು, "ಗುರುಶಾಂತವ್ವ, ನಿನ್ನ ಬಾಯಿ ಜೋರು. ಬಾಯಿಗೆ ಬಂದದ್ದನ್ನ ಇದರಾಗ ಬರಿ, ಯಾರ ಮುಂದೂ ಆಡಬ್ಯಾಡ" ಎಂದಿದ್ದರು. ಎಂಟು ತಿಂಗಳು ಮುಟ್ಟಿರಲಿಲ್ಲ. ಇವತ್ತು ಬರೆಯದಿದ್ದರೆ ಎದೆ ಒಡೆದೀತು.

ನಾವು ಸಮುದ್ರಕ್ಕೆ ಹೊರಟಿದ್ದೇವೆ. ಇವರು, ಎಂದರೆ ನನ್ನ ಯಜಮಾನರು, ಕಂಬಳಿ ವ್ಯಾಪಾರದ ಮರುಳಸಿದ್ದಪ್ಪನವರು, ಹಟ ಹಿಡಿದರೆ ಮುಗಿಯಿತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಇವರ ಮಗಳು ಬಸವರಾಜೇಶ್ವರಿಗೆ, ಇವರ ಬಾಯಲ್ಲಿ ರಾಜಿಗೆ, ಒಂಬತ್ತು ವರ್ಷ, ಎದೆಯಲ್ಲಿ ರೋಗ. ಅವಳ ತಾಯಿ ಅದೇ ರೋಗದಲ್ಲಿ ಹೋದಳು. ಬಳ್ಳಾರಿಯ ಡಾಕ್ಟರು ಕೊಳವೆ ಇಟ್ಟು ನೋಡಿ, ಮೂರು ತಿಂಗಳು ಸಮುದ್ರದ ಗಾಳಿಯಲ್ಲಿ, ಗೋಡೆಯಿಲ್ಲದ ಕಡೆ ಮಲಗಿಸಿದರೆ ಉಳಿದಾಳು, ಇಲ್ಲದಿದ್ದರೆ ಮುಂದಿನ ಮಳೆಗಾಲ ಕಾಣಲಾರಳು ಎಂದರಂತೆ. ರೈಲಿನ ಹೊಗೆ ಅವಳಿಗೆ ಆಗದು. ಹಾಗಾಗಿ ಗಾಡಿ.

ಎರಡು ಗಾಡಿ. ಮುಂದಿನ ಕಮಾನು ಗಾಡಿಯಲ್ಲಿ ನಾವು ಮೂವರು, ಹೊಡೆಯುವವನು ಎರ್ರಪ್ಪ. ಹಿಂದಿನದರಲ್ಲಿ ಡೇರೆ, ಜೋಳದ ಹಿಟ್ಟು, ಪಾತ್ರೆ ಪಗಡ, ನೀರಿನ ಪೀಪಾಯಿ. ಅದಕ್ಕೆ ಎರ್ರಪ್ಪನ ಅಳಿಯ. ಓಣಿಯ ಹೆಂಗಸರೆಲ್ಲ ಬಂದಿದ್ದರು. "ಪುಣ್ಯವಂತಿ ನೀನು, ಸಮುದ್ರ ನೋಡಾಕ ಹೊಂಟೀದಿ" ಎಂದಳು ಪಕ್ಕದ ಮನೆಯ ಉಚ್ಚಂಗಮ್ಮ. ಪುಣ್ಯವೇ! ಎರಡನೆಯ ಸಂಬಂಧಕ್ಕೆ ಬಂದು, ಸತ್ತವಳ ಮಗಳ ಕಫದ ಬಟ್ಟಲು ಹಿಡಿದು, ಮುಂದೆ ಆ ರೋಗವನ್ನೇ ಮೈಗೆ ಹತ್ತಿಸಿಕೊಳ್ಳುವ ಪುಣ್ಯ. ಗುಮ್ಮಘಟ್ಟದ ಕಡೆ ಹೊರಳುವ ದಾರಿ ಕಂಡಾಗ, ಇಲ್ಲೇ ಇಳಿಸಿಬಿಡಿ, ಅಪ್ಪನ ಮನೆಗೆ ನಡೆದು ಹೋಗುತ್ತೇನೆ ಎಂದು ನಾಲಿಗೆಯ ತುದಿಯವರೆಗೆ ಬಂತು. ಸೆರಗಿನಿಂದ ಮೂಗು ಬಾಯಿ ಮುಚ್ಚಿಕೊಂಡು ಕೂತೆ. ಇವರ ಮಗಳು ಅದನ್ನು ನೋಡಿ ಆ ಕಡೆ ಮುಖ ತಿರುಗಿಸಿದಳು.

ಜನವರಿ ೨೯

ತಾಡಿಪತ್ರಿ ದಾಟಿದೆವು. ಹಗಲೆಲ್ಲ ಗಾಡಿಯ ಕುಲುಕಾಟ, ಸಂಜೆಗೆ ಯಾವುದೋ ಹುಣಸೆ ತೋಪು, ಮೂರು ಕಲ್ಲಿನ ಒಲೆ. ನನ್ನ ಸೊಂಟ ನನ್ನದಾಗಿ ಉಳಿದಿಲ್ಲ.

ಆ ಹುಡುಗಿ ನನ್ನ ಕೈಯ ರೊಟ್ಟಿ ತಿನ್ನುವುದಿಲ್ಲ. ಸುಟ್ಟವಳು ನಾನೇ, ಆದರೆ ಅವಳ ಅಪ್ಪ ಮುರಿದು ಕೊಟ್ಟರೆ ಮಾತ್ರ ತಿನ್ನುತ್ತಾಳೆ. ಎಂಟು ತಿಂಗಳಲ್ಲಿ ನನ್ನನ್ನು ಏನೆಂದೂ ಕರೆದಿಲ್ಲ. ಎತ್ತುಗಳ ಕಿವಿಯಲ್ಲಿ ಮಾತ್ರ ಗುಸುಗುಸು ಮಾತಾಡುತ್ತಾಳೆ. ಇವತ್ತು ತಡೆಯದೆ, "ಅದರ ಜೋಡಿ ಏನವ್ವಾ ಅಷ್ಟು ಮಾತು?" ಎಂದು ಕೇಳಿದೆ. ಅವಳು ನನ್ನನ್ನು ನೋಡದೆ ಎತ್ತಿಗೇ ಹೇಳಿದಳು: "ಇವರಿಗೆ ಹೇಳಬ್ಯಾಡ."

ಎರ್ರಪ್ಪ ನಕ್ಕ. ನನಗೆ ಕೆನ್ನೆಗೆ ಹೊಡೆದಂತಾಯಿತು. ಹೇಳದಿದ್ದರೆ ಬಿಡಲಿ. ನನಗೇನು.

ಫೆಬ್ರವರಿ ೧೧, ಸೋಮವಾರ

ಸಮುದ್ರ.

ನೆಲ್ಲೂರು ದಾಟಿ ಎರಡು ದಿನ ಮರಳಿನಲ್ಲಿ ಚಕ್ರ ಹೂತು ಹೂತು ಬಂದೆವು. ಕೊನೆಗೆ ತಾಳೆಮರಗಳ ಆಚೆ ಅದು ಕಂಡಿತು. ಎಲ್ಲರೂ ಬಾಯಿ ಬಿಟ್ಟು ನೋಡಿದರು, ನನಗೆ ಬಂದದ್ದು ಸಿಟ್ಟು. ಬೇಸಿಗೆಯಲ್ಲಿ ಹಗರಿ ಹೊಳೆಯ ಮರಳಲ್ಲಿ ಒಂದು ಕೊಡ ನೀರಿಗೆ ಒಂದು ತಾಸು ಕೂತು ಒರತೆ ಬಗೆದವಳು ನಾನು. ಇಷ್ಟು ನೀರು ಇಲ್ಲಿ ಯಾರಿಗೂ ಬೇಡವಾಗಿ ಬಿದ್ದಿದೆಯಲ್ಲ ಎಂದು. ಎರ್ರಪ್ಪ ಬೊಗಸೆಯಲ್ಲಿ ಎತ್ತಿ ಕುಡಿದು ಥೂ ಎಂದು ಉಗುಳಿದ. "ಇಷ್ಟೂ ಉಪ್ಪೇನ್ರಿ ಸಾವುಕಾರ್ರ? ಶಿವ ಯಾತಕ್ಕ ಇಟ್ಟಾನ್ರಿ ಇದನ್ನ?"

ಇಲ್ಲಿ ಇರುವುದು ಇಪ್ಪತ್ತು ಗುಡಿಸಲಿನ ಒಂದು ಬೆಸ್ತರ ಹಾಡಿ, ಅಷ್ಟೇ. ಅದರ ಹತ್ತಿರ ಡೇರೆ ಹಾಕಿದರೆ ಮನುಷ್ಯರ ಮುಖವಾದರೂ ಕಾಣುತ್ತಿತ್ತು. ಇವರು ಒಪ್ಪಲಿಲ್ಲ. ಮೀನಿನ ವಾಸನೆ, ಲಿಂಗವಿಲ್ಲದವರ ನೆರೆ ಬೇಡವೆಂದು ಒಂದು ಮೈಲಿ ಉತ್ತರಕ್ಕೆ, ಬರೀ ಮರಳಿನ ಮೇಲೆ ಗೂಟ ಹೊಡೆಸಿದರು. ನಮ್ಮ ಡೇರೆ, ಗಾಳಿ, ಕೆಮ್ಮು. ಬೇರೆ ಸದ್ದಿಲ್ಲ. ಎರ್ರಪ್ಪನ ಅಳಿಯ ಹಿಂದಿನ ಗಾಡಿ ಹೊಡೆದುಕೊಂಡು ನಾಳೆ ಊರಿಗೆ ತಿರುಗುತ್ತಾನೆ. ಅವನ ಮೇಲೆ ನನಗೆ ಹೊಟ್ಟೆಕಿಚ್ಚು.

ಫೆಬ್ರವರಿ ೧೪

ಪೀಪಾಯಿ ಖಾಲಿ. ನಮ್ಮವರ ಬಾವಿ ಇರುವ ಊರು ಗಾಡಿಯಲ್ಲಿ ಒಂದೂವರೆ ದಿನದ ದಾರಿ. ಹಾಡಿಯ ಹೆಂಗಸರು ಮರಳದಿಬ್ಬದ ಹಿಂದಿನಿಂದ ಕೊಡ ಹೊತ್ತು ಬರುವುದು ಇಲ್ಲಿಂದಲೇ ಕಾಣುತ್ತದೆ. "ಅಲ್ಲಿ ತರೋಣೇನ್ರಿ?" ಎಂದೆ. ಇವರ ಮುಖ ಕಪ್ಪಾಯಿತು.

"ರಾಜಿ ಅವ್ವನ್ನ ಆಸ್ಪತ್ರೆಗೆ ಹಾಕಿದೆ. ಯಾರ್ಯಾರದೋ ಕೈ ನೀರು ಕುಡಿಸಿದೆ. ನಾನು ಆಚಾರ ಬಿಟ್ಟೆ, ಆಕಿ ನನ್ನ ಬಿಟ್ಟು ಹೋದಳು. ಇನ್ನೊಮ್ಮೆ ಆ ಮಾತು ಎತ್ತಬ್ಯಾಡ."

ಅಷ್ಟು ಹೇಳಿ ಡೇರೆಯ ಹಿಂದೆ ಹೋಗಿ ನಿಂತರು. ಹೆದರಿದ್ದಾರೆ ಇವರು. ನನಗೆ ಇಷ್ಟು ದಿನ ಬರೀ ಗರ್ವ ಕಂಡಿತ್ತು.

ಎರ್ರಪ್ಪ ಒರತೆ ತೋಡಿದ. ಹಗರಿಯ ಮರಳಲ್ಲಿ ಅವನ ಕೈ ಬಿದ್ದ ಕಡೆ ನೀರು ಎಂದು ಊರೆಲ್ಲ ಹೇಳುತ್ತದೆ. ಎದೆಮಟ್ಟಕ್ಕೆ ನೀರು ಬಂತು, ಸಪ್ಪೆಯಲ್ಲ, ಉಪ್ಪುಪ್ಪು. ನಮ್ಮ ಕಡೆ ಹೀಗಾದರೆ ಏನು ಮಾಡುತ್ತಾರೆ? ಇನ್ನೂ ಆಳಕ್ಕೆ ಹೋಗುತ್ತಾರೆ. ಆಳ ಹೋದಷ್ಟು ಸಿಹಿ ಎಂದು ನಮ್ಮ ಹಸುಗೂಸಿಗೂ ಗೊತ್ತು. ಇವರು ಕಚ್ಚೆ ಕಟ್ಟಿ ತಾವೂ ಇಳಿದರು. ಮರಳು ಕುಸಿಯದಂತೆ ತಾಳೆಗರಿಯ ತಡಿಕೆ ಕೊಟ್ಟು ಆಳುದ್ದ ತೋಡಿದರು.

ಹಾಡಿಯಿಂದ ಒಬ್ಬ ಹೆಂಗಸು ಬಂದು ಸೊಂಟಕ್ಕೆ ಕೈಯಿಟ್ಟು ನೋಡಿದಳು. ಪೋಲಮ್ಮ ಎಂದು ಹೆಸರಂತೆ, ಹಲ್ಲೆಲ್ಲ ಎಲೆಯಡಿಕೆ. "ಲೋತು ತವ್ವಿತೇ ಸಮುದ್ರಮೇ ವಸ್ತುಂದಿ" ಎಂದಳು. ಆಳಕ್ಕೆ ತೋಡಿದರೆ ಸಮುದ್ರವೇ ಬರುತ್ತದೆ ಎಂದು. ಇವರು ಗುಂಡಿಯೊಳಗಿಂದ ತಲೆಯೆತ್ತಿ, "ಮೀನು ಹಿಡಿಯೋರು ನಮಗ ನೀರು ಕಲಿಸ್ತಾರ" ಎಂದು ಕನ್ನಡದಲ್ಲೇ ಬೈದು ಮತ್ತೆ ಬಗ್ಗಿದರು.

ಫೆಬ್ರವರಿ ೧೮

ಗುಂಡಿ ಈಗ ಎರಡಾಳು. ನೀರು ಮೊದಲಿಗಿಂತ ಉಪ್ಪು. ಬೇಳೆ ಬೇಯುವುದಿಲ್ಲ. ಕಾಯಿಸಿ ಆರಿಸಿ ಬೆಲ್ಲ ಹಾಕಿ ಕುಡಿಯುತ್ತಿದ್ದೇವೆ. ಕುಡಿದಷ್ಟೂ ಬಾಯಾರಿಕೆ. ಇವರು "ಇನ್ನೆರಡು ಮೊಳ ಹೋದ್ರ ಸೀ ನೀರು" ಎನ್ನುತ್ತಲೇ ಇದ್ದಾರೆ.

ಹುಡುಗಿಗೆ ಮೊನ್ನೆಯಿಂದ ಭೇದಿ. ಕೆಮ್ಮಿಗೆಂದು ಬಂದು ಹೊಟ್ಟೆಗೆ ತಂದುಕೊಂಡೆವು. ಹನ್ನೆರಡು ಸಲ ಎತ್ತಿಕೊಂಡು ಹೋಗಿ ಬಂದೆ. ಎತ್ತಿದರೆ ಭಾರವೇ ಇಲ್ಲ, ಅದೇ ನನಗೆ ಭಯ. ಸೆರಗಿನಿಂದ ಬಾಯಿ ಮುಚ್ಚಿಕೊಳ್ಳಲು ಎರಡೂ ಕೈಗೆ ಬಿಡುವಿಲ್ಲ.

ಫೆಬ್ರವರಿ ೨೦

ಇಪ್ಪತ್ತು ಸಲ. ಕಣ್ಣು ಒಳಗೆ ಹೋಗಿದೆ. ಚರ್ಮ ಹಿಡಿದರೆ ಹಿಡಿದ ಹಾಗೇ ನಿಲ್ಲುತ್ತದೆ. ಇವರು ಲಿಂಗದ ಮುಂದೆ ಕೂತವರು ಏಳುತ್ತಿಲ್ಲ. ಶಿವನೇ, ನನಗೇನೂ ಬೇಡ, ಊರಿಗೆ ಹೋಗುವುದೂ ಬೇಡ.

ಫೆಬ್ರವರಿ ೨೧

ಬೆಳಿಗ್ಗೆ ರಾಜಿ ತುಟಿ ಅಲ್ಲಾಡಿಸಿದಳು. ಕಿವಿ ಹಚ್ಚಿದೆ. "ನೀರು" ಎಂದಳು. ಗುಂಡಿಯ ನೀರು ಚಮಚದಲ್ಲಿ ಹಾಕಿದೆ. ಹಲ್ಲು ಕಚ್ಚಿಕೊಂಡಳು. ಸಾಯುವ ಕೂಸಿಗೂ ಬೇಡವಾದ ನೀರು. ನಾನು ಎದ್ದೆ.

ಇವರು ಎರಡು ರಾತ್ರಿ ಕಣ್ಣು ಮುಚ್ಚಿರಲಿಲ್ಲ, ಗಾಡಿಯ ನೆರಳಿನಲ್ಲಿ ನಿದ್ದೆ ಹೋಗಿದ್ದರು. ಕೊಡ ತೆಗೆದುಕೊಂಡು ದಿಬ್ಬದ ಹಿಂದಕ್ಕೆ ಓಡಿದೆ. ಪೋಲಮ್ಮ ಅಲ್ಲೇ ಇದ್ದಳು. ಅವಳ ಒರತೆ ನೋಡಿ ನನಗೆ ಅಳುವೂ ನಗುವೂ ಒಟ್ಟಿಗೆ ಬಂತು. ಮೊಣಕಾಲುದ್ದ! ಅಗಲವಾದ ಒಂದು ತಗ್ಗು, ಅಷ್ಟೇ. ದೊರುವು ಎನ್ನುತ್ತಾರೆ ಅದಕ್ಕೆ. ಮಳೆಯ ನೀರು ಮರಳಿನಲ್ಲಿ ಮೇಲೆ ನಿಂತಿರುತ್ತದಂತೆ, ಅದರ ಕೆಳಗೆ ಸಮುದ್ರ. ಅವಳು ತೆಂಗಿನ ಚಿಪ್ಪಿನಿಂದ ಮೇಲು ಮೇಲಿನ ನೀರನ್ನು, ಹಾಲಿನ ಕೆನೆ ತೆಗೆದ ಹಾಗೆ, ಕದಡದೆ ಎತ್ತಿ ನನ್ನ ಕೊಡಕ್ಕೆ ಹಾಕಿದಳು. ಹೌದು, ಅವಳ ಕೈಯಿಂದ. ನನ್ನ ಕೊರಳಲ್ಲಿ ಲಿಂಗವಿತ್ತು. ಆದರೂ ಕೊಡ ಹಿಂದಕ್ಕೆ ತೆಗೆಯಲಿಲ್ಲ.

ಗಂಜಿಯ ತಿಳಿ, ಒಂದು ಚಿಟಿಕೆ ಉಪ್ಪು, ಚೂರು ಬೆಲ್ಲ ಕಲಸಿ ಚಮಚದಲ್ಲಿ ಹಾಕಿದೆ. ಹಲ್ಲು ಬಿಚ್ಚಿದಳು. ಇನ್ನೊಂದು. ಇನ್ನೊಂದು. ಬಟ್ಟಲು ಖಾಲಿಯಾದ ಮೇಲೆ ಕಣ್ಣು ತೆರೆದು, ಡೇರೆಯ ಬಾಗಿಲಿಂದ ನಾನು ಬಂದ ದಾರಿಯನ್ನೇ ನೋಡಿದಳು, ಆಮೇಲೆ ನನ್ನನ್ನು.

"ಅಪ್ಪಗ ಹೇಳಬ್ಯಾಡ್ರಿ" ಎಂದಳು. ನನಗೆ. ಎತ್ತಿಗಲ್ಲ.

ಫೆಬ್ರವರಿ ೨೮

ಏಳು ದಿನ ಬರೆಯಲಿಲ್ಲ. ಪುರಸೊತ್ತಿಲ್ಲ.

ಭೇದಿ ನಿಂತಿದೆ. ರಾಜಿ ಎದ್ದು ಒರಗಿ ಕೂರುತ್ತಾಳೆ. ನೀರು ತರುವ ಕೆಲಸ ನಾನೇ ವಹಿಸಿಕೊಂಡಿದ್ದೇನೆ. ಇವರು ಸೂರ್ಯ ಹುಟ್ಟುವಾಗ ಅವಳನ್ನು ಹೊತ್ತು ಅಲೆಯ ಹತ್ತಿರ ಗಾಳಿಗೆ ಕೂರಿಸುತ್ತಾರೆ, ಆ ಹೊತ್ತಿಗೆ ನಾನು ದೊರುವಿಗೆ ಹೋಗಿ ಬರುತ್ತೇನೆ. ಎರ್ರಪ್ಪ ಎಲ್ಲ ನೋಡುತ್ತಾನೆ, ಎತ್ತಿನ ಮೈ ತಿಕ್ಕುತ್ತಾನೆ, ಬಾಯಿ ಬಿಡುವುದಿಲ್ಲ. ಡೇರೆಯ ಎಲ್ಲ ಕೊಡಗಳಲ್ಲೂ ಆ ನೀರೇ. ಅಡಿಗೆಗೂ ಅದೇ. ಇವರ ಲಿಂಗಪೂಜೆಗೂ ಅದೇ. ತಪ್ಪು ನನಗೆ ಹತ್ತಲಿ, ಅವರಿಗೆ ಬೇಡ ಎಂದು ಪ್ರತಿದಿನ ಶಿವನಿಗೆ ಹೇಳಿಯೇ ಪೂಜೆಯ ತಂಬಿಗೆ ತುಂಬುತ್ತೇನೆ.

ಇವರೋ, ಗೆದ್ದವರ ಹಾಗೆ ಓಡಾಡುತ್ತಿದ್ದಾರೆ. "ನೋಡಿದೇನು? ನಾನು ಹೇಳಲಿಲ್ಲ? ಆಳಕ್ಕ ಹೋದ್ರ ಸಿಕ್ಕೇ ಸಿಗತದ. ನನ್ನ ಗುಂಡಿ ನೀರು ಅಮೃತ!" ಎಂದರು ಊಟಕ್ಕೆ ಕೂತಾಗ. ರಾಜಿ ನನ್ನ ಕಡೆ ನೋಡಿದಳು. ನಾನು ಅವಳ ಕಡೆ ನೋಡಲಿಲ್ಲ, ನೋಡಿದ್ದರೆ ಇಬ್ಬರೂ ನಕ್ಕು ಸಿಕ್ಕಿಬೀಳುತ್ತಿದ್ದೆವು.

ಎದೆ ಮಾತ್ರ ಹಾಗೇ ಇದೆ. ಸಂಜೆ ಜ್ವರ ಬರುತ್ತದೆ. ಇವತ್ತು ಕಫದಲ್ಲಿ ಒಂದು ಕೆಂಪು ಎಳೆ ಕಂಡಿತು, ಮರಳು ಮುಚ್ಚಿ ಬಂದೆ. ಕೂದಲು ಬಾಚುತ್ತ ಡಾಕ್ಟರು ಹೇಳಿದ ತಿಂಗಳುಗಳನ್ನು ಎಣಿಸುತ್ತೇನೆ.

ಮಾರ್ಚ್ ೪, ಮಂಗಳವಾರ. ಶಿವರಾತ್ರಿ

ಮುಗಿಯಿತು.

ಇವತ್ತು ಹಬ್ಬವೆಂದು ಇವರು ಕತ್ತಲಿರುವಾಗಲೇ ಮಿಂದು, ನನಗೆ ಹೇಳದೆ, ತಮ್ಮ ಗುಂಡಿಗೆ ಹೋಗಿ ತಾವೇ ಸೇದಿ ತಂಬಿಗೆ ತುಂಬಿಕೊಂಡು ಬಂದಿದ್ದರು. ಬೆಳಗಾಗುವಾಗ ಪೂಜೆ ಮುಗಿಸಿ, ಲಿಂಗ ತೊಳೆದ ಆ ನೀರನ್ನು ಅಂಗೈಯಲ್ಲಿ ಹಿಡಿದು ಬಾಯಿಗೆ ಹಾಕಿಕೊಂಡರು. ನಾನು ಒಲೆಯ ಹತ್ತಿರದಿಂದ ನೋಡುತ್ತಿದ್ದೆ. ಮುಖ ಕಿವುಚಿದರು. ಎದ್ದು ಬಂದು ನನ್ನ ಕೊಡದಿಂದ ಒಂದು ಗುಟುಕು ಕುಡಿದರು. ಮತ್ತೆ ತಂಬಿಗೆಯದು ಕುಡಿದರು. ಮತ್ತೆ ಕೊಡದ್ದು.

"ಇದು ಎಲ್ಲಿಯ ನೀರು?"

ಸುಳ್ಳು ಹೇಳಬಹುದಿತ್ತು. ನಾಲಿಗೆ ಏಳಲಿಲ್ಲ. "ಪೋಲಮ್ಮನ ದೊರುವಿಂದು" ಎಂದೆ.

"ಎಷ್ಟು ದಿನದಿಂದ?"

"ಹನ್ನೆರಡು ದಿನ ಆತ್ರಿ. ಆವತ್ತು ತರದಿದ್ದರ ಕೂಸು ಉಳೀತಿರಲಿಲ್ಲ."

ಬೈಯಲಿಲ್ಲ, ಕೈಯೆತ್ತಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಂಗೈ ನೋಡಿಕೊಂಡು, "ನನ್ನ ಪೂಜಾಕ್ಕೂ ಅದನ್ನೇ ಕೊಟ್ಟಿ. ನಾಳೆ ಬೆಳಿಗ್ಗೆ ಎರ್ರಪ್ಪ ನಿನ್ನ ಗುಮ್ಮಘಟ್ಟಕ್ಕ ಬಿಟ್ಟು ಬರ್ತಾನ. ನಿಮ್ಮಪ್ಪನ ಮನ್ಯಾಗಿರು" ಎಂದರು.

ಆರು ವಾರದ ಹಿಂದೆ ಈ ಮಾತು ಕೇಳಿದ್ದರೆ ಕುಣಿಯುತ್ತಿದ್ದೆ. ಕಾಲು ಹಿಡಿದೆ. "ಬೇಕಾದರ ಡೇರೆ ಹೊರಗ ಬಿದ್ದಿರ್ತೀನಿ, ಕೂಸಿಗೆ ಆ ಗುಂಡಿ ನೀರು ಮಾತ್ರ ಕೊಡಬ್ಯಾಡ್ರಿ" ಎಂದೆ. ಕಾಲು ಎಳೆದುಕೊಂಡರು. ಡೇರೆಯೊಳಗೆ ರಾಜಿ ಅಳುತ್ತಿದ್ದಳು, ಅತ್ತರೆ ಕೆಮ್ಮು, ಕೆಮ್ಮಿದರೆ ರಕ್ತ. ಅಳಬೇಡ ಎಂದು ಹೇಳಲು ಒಳಗೆ ಬಿಡಲಿಲ್ಲ.

ಮಾರ್ಚ್ ೫

ಅರ್ಧ ಹರದಾರಿ ಹೋಗಿರಬೇಕು. "ಎರ್ರಪ್ಪ, ನಿಲ್ಲಿಸು" ಎಂದೆ. ಗಂಟು ತೆಗೆದುಕೊಂಡು ಇಳಿದೆ.

"ಅಮ್ಮಾರ, ಸಾವುಕಾರ್ರಿಗೆ ನಾನೇನು ಹೇಳ್ಲಿ?"

"ಬಿಟ್ಟು ಬಂದೆ ಅಂತ ಹೇಳು. ಎಲ್ಲಿ ಬಿಟ್ಟೆ ಅಂತ ಕೇಳಿದರ ಮಾತ್ರ ಹಾಡಿಯಾಗ ಅಂತ ಹೇಳು."

ಅವನು ಹೆಗಲ ವಸ್ತ್ರದಿಂದ ಕಣ್ಣೊರೆಸಿಕೊಂಡು ಗಾಡಿ ತಿರುಗಿಸಿದ.

ಪೋಲಮ್ಮ ಗುಡಿಸಲಿನ ಹೊರಗೆ ಬಲೆ ಒಣಗಿಸುವ ಚಪ್ಪರದ ಕೆಳಗೆ ಜಾಗ ತೋರಿಸಿದಳು. ಮೀನಿನ ವಾಸನೆಗೆ ಎರಡು ಸಲ ವಾಂತಿ ಮಾಡಿದೆ. ನನ್ನ ಜೋಳದ ಹಿಟ್ಟು ನಾನೇ ಬೇಯಿಸಿಕೊಂಡೆ, ನೀರು ಅವಳದು. ದಿಬ್ಬದ ಮೇಲೆ ಒಬ್ಬಳೇ ಕೂತು ಪೂಜೆ ಮಾಡಿಕೊಂಡೆ. ವಿಭೂತಿ ಡೇರೆಯಲ್ಲೇ ಉಳಿದಿದೆ, ಬರಿಯ ಹಣೆ.

ಇನ್ನು ನಾನು ಯಾರು? ಅಪ್ಪನಿಗೆ ತಿಳಿದರೆ ಏನೆಂದಾರು? ಅತ್ತ ದರಿ, ಇತ್ತ ಪುಲಿ. ನನ್ನಂಥ ಹುಚ್ಚಿ ಇನ್ನೊಬ್ಬಳಿಲ್ಲ.

ಸಂಜೆ ಕೊಡ ತುಂಬಿ, ಡೇರೆಗೂ ಹಾಡಿಗೂ ನಡುವೆ ಇರುವ ಒಂಟಿ ತಾಳೆಮರದ ಬುಡದಲ್ಲಿಟ್ಟು ಬಾಯಿಗೆ ಬಟ್ಟೆ ಕಟ್ಟಿ ಬಂದೆ.

ಮಾರ್ಚ್ ೭

ಕೊಡ ಇಟ್ಟ ಹಾಗೇ ಇದೆ. ಎರಡು ದಿನ. ನೀರು ಚೆಲ್ಲಿ ಹೊಸದು ತುಂಬಿಟ್ಟೆ. ಗಾಳಿ ಈ ಕಡೆ ಬೀಸಿದಾಗ ಕೆಮ್ಮು ಕೇಳಿಸಿದ ಹಾಗಾಗುತ್ತದೆ. ಕೇಳಿಸದಿದ್ದಾಗ ಇನ್ನೂ ಕಷ್ಟ.

ಮಾರ್ಚ್ ೮

ಮಧ್ಯಾಹ್ನ ದಿಬ್ಬದ ಮೇಲಿಂದ ನೋಡಿದೆ. ಇವರು ಒಬ್ಬರೇ ಮರದ ಹತ್ತಿರ ಬಂದರು. ಕೊಡವನ್ನು ನೋಡುತ್ತ ನಿಂತರು, ಹಾವು ನೋಡಿದ ಹಾಗೆ. ತಿರುಗಿ ಹೋದರು. ನಾನು ಮರಳಿನ ಮೇಲೆ ಬಿದ್ದು ಅತ್ತೆ. ತಲೆಯೆತ್ತಿದಾಗ ಅವರು ಮತ್ತೆ ಬರುತ್ತಿದ್ದರು, ಓಡಿಕೊಂಡು. ಕಂಬಳಿ ವ್ಯಾಪಾರದ ಮರುಳಸಿದ್ದಪ್ಪನವರು ಓಡಿದ್ದನ್ನು ನಾನು ಕಂಡದ್ದು ಅದೇ ಮೊದಲು. ಕೊಡವನ್ನು ಹೆಗಲಿಗೆ ಹೊತ್ತು, ಹಿಂದೆ ನೋಡದೆ ಹೋದರು.

ಯಾಕೆ ಓಡಿದರು? ಕೂಸಿಗೆ ಏನಾಗಿದೆ?

ಮಾರ್ಚ್ ೯

ಬೆಳಿಗ್ಗೆ ಖಾಲಿ ಕೊಡ ಮರದ ಬುಡದಲ್ಲಿ. ಒಳಗೆ ಬಟ್ಟೆಯ ಗಂಟೊಂದು. ಬಿಚ್ಚಿದರೆ ನನ್ನ ವಿಭೂತಿ ಗಟ್ಟಿ.

ಒಂದು ಮಾತಿಲ್ಲ, ಚೀಟಿಯಿಲ್ಲ. ಅಲ್ಲೇ ಕೂತು ಹಣೆಗೆ ಹಚ್ಚಿಕೊಂಡೆ. ಅಂದರೆ ಬದುಕಿದ್ದಾಳೆ. ಸತ್ತಿದ್ದರೆ ವಿಭೂತಿ ಕಳಿಸುವ ಮನಸ್ಸು ಎಲ್ಲಿರುತ್ತಿತ್ತು?

ಎರ್ರಪ್ಪ ಎತ್ತು ಹೊಡೆದುಕೊಂಡು ಬಂದಾಗ ದೂರದಿಂದಲೇ ಹೇಳಿದ: "ಹಲ್ಲು ಕಚ್ಚಿ ಮಲಗಿತ್ರಿ ಕೂಸು. ಗುಂಡಿ ನೀರು ಒಂದು ಹನಿ ಮುಟ್ಟಲಿಲ್ಲ, ಮೂರು ದಿನ. ಸಾವುಕಾರ್ರು ಕಾಲು ಹಿಡಿದ್ರು. ಈಗ ಕುಡಿಯಾಕ ಹತ್ತೈತಿ."

ಮಾರ್ಚ್ ೧೩, ಗುರುವಾರ

ಇವತ್ತು ಕೊಡ ಹೊತ್ತು ಹೋಗುವಾಗಲೇ ತಡವಾಗಿತ್ತು. ಪೋಲಮ್ಮ ದೊರುವನ್ನು ಸ್ವಲ್ಪ ಆ ಕಡೆಗೆ ಸರಿಸಬೇಕೆಂದಳು, ಹಳೆಯದರಲ್ಲಿ ಉಪ್ಪು ಏರುತ್ತಿದೆಯಂತೆ. ನಾನೇ ಕೈಯಲ್ಲಿ ತೋಡಿದೆ. ಮೊಣಕಾಲುದ್ದ ಬಂದ ಕೂಡಲೇ ನಿಲ್ಲಿಸಿದೆ. ನಮ್ಮ ಕೈಗೆ ನಿಲ್ಲಿಸುವುದೇ ಕಷ್ಟದ ಕೆಲಸ.

ಮರದ ಹತ್ತಿರ ಬಂದಾಗ ದೂರದಲ್ಲಿ ಇಬ್ಬರು ಕಂಡರು. ಹಿಂದೆ ಇವರು, ಹತ್ತು ಮಾರು ಬಿಟ್ಟು. ಮುಂದೆ, ಖಾಲಿ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ನಾಲ್ಕು ಹೆಜ್ಜೆಗೊಮ್ಮೆ ನಿಂತು, ಕೆಮ್ಮಿ, ಮತ್ತೆ ನಾಲ್ಕು ಹೆಜ್ಜೆ. ಡೇರೆಯಿಂದ ಅಲ್ಲಿಗೆ ಅರ್ಧ ಮೈಲಿ. ಹೋದ ತಿಂಗಳು ಹತ್ತು ಹೆಜ್ಜೆ ಹಾಕಲಾಗದವಳು. ಇವರು ಎತ್ತಿಕೊಳ್ಳಲು ಬಂದರೆ ಕೈ ಝಾಡಿಸುತ್ತಿದ್ದಳು, ಅದೂ ಕಂಡಿತು.

ನಾನು ಓಡಬೇಕಿತ್ತು. ತಲೆಯ ಮೇಲೆ ಕೊಡವಿತ್ತು. ಬಂದಳು. ತಂಬಿಗೆ ಚಾಚಿದಳು.

"ಅವ್ವಾ, ನೀರು ತೀರೇತಿ. ಮನಿಗೆ ನಡಿ."

ಇವರು ಮರದ ಆಚೆ ನಿಂತು ಸಮುದ್ರ ನೋಡುತ್ತಿದ್ದರು. ಆಮೇಲೆ ಬಂದು, ನನ್ನ ತಲೆಯ ಮೇಲಿನ ತುಂಬಿದ ಕೊಡ ಇಳಿಸಿಕೊಂಡು ತಮ್ಮ ಹೆಗಲಿಗೇರಿಸಿದರು. ನಾನು ಮಗಳನ್ನು ಸೊಂಟಕ್ಕೆ ಎತ್ತಿಕೊಂಡೆ. ಮೈ ಬೆಚ್ಚಗಿತ್ತು, ಸಂಜೆಯ ಜ್ವರ ಆಗಲೇ ಶುರುವಾಗಿದೆ. ನನ್ನ ಕೊರಳಿಗೆ ಮುಖವಿಟ್ಟು ಕೆಮ್ಮಿದಳು.

ಅಂಗಾಲು ನೋಡಿದರೆ ಕೆಂಪಗೆ ಬೊಕ್ಕೆ. ಕಾದ ಮರಳಲ್ಲಿ ಬರಿಗಾಲಲ್ಲಿ ನಡೆಸಿಕೊಂಡು ಬಂದಿದ್ದಾರೆ! ಚಪ್ಪಲಿ ಹಾಕಬೇಕೆಂದು ತಿಳಿಯಬಾರದೇ ಈ ಮನುಷ್ಯರಿಗೆ? ಎಂಟು ದಿನ ನಾನಿಲ್ಲದಿದ್ದರೆ ಇಷ್ಟೂ ನೋಡುವವರಿಲ್ಲ. ತಲೆಗೆ ಎಣ್ಣೆ ಕಂಡಿಲ್ಲ, ಲಂಗ ತಿರುಗುಮುರುಗು. ದಾರಿಯುದ್ದಕ್ಕೂ ಬೈದೆ, ಇವರು ಕೊಡ ಹೊತ್ತು ಹಿಂದೆ ಹಿಂದೆ ಬಂದರು. ಕಾಲಿಗೆ ಹರಳೆಣ್ಣೆ ಹಚ್ಚಬೇಕು, ಗಾಡಿಯ ಅಚ್ಚಿಗೆಂದು ತಂದದ್ದು ಎರ್ರಪ್ಪನ ಹತ್ತಿರ ಇರಬಹುದು. ಕರೆಯುತ್ತಿದ್ದಾಳೆ, ಹೋಗಬೇಕು.